ಹೋದ ಪುಟ್ಟ, ಬಂದ ಪುಟ್ಟ: ಉತ್ತರ ತಾರದ ಮೆಥಡ್‌ಗಳ ಇತಿಹಾಸ

"ಹೋದ ಪುಟ್ಟ, ಬಂದ ಪುಟ್ಟ" ಎಂಬ ಮಾತು ಕನ್ನಡಿಗರೆಲ್ಲರಿಗೂ ಪರಿಚಿತವೇ. ಒಂದು ಕೆಲಸಕ್ಕೆಂದು ಕಳುಹಿಸಿದ ಹುಡುಗ ಹೋದದ್ದೂ ನಿಜ, ಬಂದದ್ದೂ ನಿಜ. ಆದರೆ ಏನನ್ನು ತರಲೆಂದು ಅವನನ್ನು ಕಳುಹಿಸಲಾಗಿತ್ತೋ ಅದನ್ನು ಮಾತ್ರ ಅವನು ತರಲಿಲ್ಲ. ಗಣಕಯಂತ್ರಗಳ ಲೋಕದಲ್ಲಿ ಈ ಪುಟ್ಟನಿಗೆ ಎಪ್ಪತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅವನು ಬರಿಗೈಯಲ್ಲಿ ಬಂದಾಗ ಹಿಂದಿನ ಯಂತ್ರಗಳು ಸುಮ್ಮನಿದ್ದವು. ನಂತರದವು ಗೊಣಗಿದವು. ಇಂದಿನವುಗಳಲ್ಲಿ ಕೆಲವು ಅವನನ್ನು ಮನೆಯಿಂದ ಹೊರಡಲೂ ಬಿಡುವುದಿಲ್ಲ. ಈ ಬದಲಾವಣೆ ಹೇಗಾಯಿತು, ಅದರಿಂದ ನಮಗೆ ತಿಳಿಯುವುದೇನು ಎಂಬುದೇ ಈ ಲೇಖನದ ವಿಷಯ.

ನಾನು ಶಾಲೆಯಲ್ಲಿ ಕಲಿಸಿದ್ದು ಇತಿಹಾಸವನ್ನು, ಗಣಕಶಾಸ್ತ್ರವನ್ನಲ್ಲ. ಆದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಎಂಜಿನಿಯರಿಂಗ್ ಓದಲು ಹೋದವರು. ಒಂದು ಕಾಲದಲ್ಲಿ ಕೊಡಗಿನ ಮಕ್ಕಳು ಆ ವಿದ್ಯೆಗಾಗಿ ಘಟ್ಟ ಇಳಿಯಬೇಕಾಗಿತ್ತು: 1946ರಲ್ಲಿ ಆರಂಭವಾದ ಮೈಸೂರಿನ ಎನ್‌ಐಇ, 1960ರ ಸುರತ್ಕಲ್ ಕಾಲೇಜು, 1963ರ ಮೈಸೂರಿನ ಎಸ್‌ಜೆಸಿಇ, ಹೀಗೆ. ಈಗ ಪೊನ್ನಂಪೇಟೆಯಲ್ಲಿ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ, ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಕನ್ನಡ ಮಾಧ್ಯಮದಿಂದ ಹೋದ ಮಕ್ಕಳಿಗೆ ಮೊದಲ ವರ್ಷದಲ್ಲಿ ಎದುರಾಗುವ ತೊಡಕುಗಳಲ್ಲಿ "ಮಿಸ್ಸಿಂಗ್ ರಿಟರ್ನ್ ಸ್ಟೇಟ್‌ಮೆಂಟ್" ಎಂಬ ದೋಷ ಸೂಚನೆಯೂ ಒಂದು. ಆ ಮೂರು ಪದಗಳ ಅರ್ಥವನ್ನು ನಿಘಂಟಿನಲ್ಲಿ ಹುಡುಕಬಹುದು; ಅವುಗಳ ಹಿಂದಿನ ಕಥೆ ನಿಘಂಟಿನಲ್ಲಿ ಸಿಗುವುದಿಲ್ಲ.

ಮೊದಲಿಗೆ ವಿಷಯವನ್ನು ಸರಳವಾಗಿ ಹೇಳುತ್ತೇನೆ. ದೊಡ್ಡ ಪ್ರೋಗ್ರಾಂ ಒಂದನ್ನು ಚಿಕ್ಕ ಚಿಕ್ಕ ಕೆಲಸಗಳಾಗಿ ಒಡೆದು ಬರೆಯುತ್ತಾರೆ. ಒಂದೊಂದು ಕೆಲಸಕ್ಕೂ ಒಂದು ಹೆಸರು. ಆ ಘಟಕವನ್ನು ಕೆಲವು ಭಾಷೆಗಳಲ್ಲಿ ಫಂಕ್ಷನ್ ಎಂದೂ ಜಾವಾದಂತಹ ಭಾಷೆಗಳಲ್ಲಿ ಮೆಥಡ್ ಎಂದೂ ಕರೆಯುತ್ತಾರೆ. ಮೆಥಡ್‌ನ ತಲೆಬರಹದಲ್ಲಿಯೇ "ನಾನು ಒಂದು ಪೂರ್ಣಾಂಕವನ್ನು ತಂದುಕೊಡುತ್ತೇನೆ" ಎಂದೋ "ಒಂದು ಪದವನ್ನು ತಂದುಕೊಡುತ್ತೇನೆ" ಎಂದೋ ಒಂದು ವಾಗ್ದಾನವಿರುತ್ತದೆ. ಆ ವಾಗ್ದಾನವನ್ನು ಈಡೇರಿಸುವ ಆದೇಶವೇ ರಿಟರ್ನ್. ಏನನ್ನೂ ತರದೆ ಕೆಲಸ ಮಾತ್ರ ಮಾಡಿ ಬರುವ ಮೆಥಡ್‌ಗೆ ವಾಯ್ಡ್, ಅಂದರೆ ಬರಿದು, ಎಂಬ ಗುರುತು ಇರುತ್ತದೆ. ವಾಗ್ದಾನ ಮಾಡಿಯೂ ತರದಿದ್ದರೆ ಅದೇ ದೋಷ.

ರಿಟರ್ನ್ ಎಂಬ ಪದ ನಮಗೆ ಹೊಸದೇನಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. 1834ರಲ್ಲಿ ಕೊಡಗು ಕಂಪೆನಿ ಸರ್ಕಾರದ ವಶವಾದ ಮೇಲೆ, ಬ್ರಿಟಿಷ್ ಇಂಡಿಯಾದ ಉಳಿದೆಡೆಗಳಂತೆ ಇಲ್ಲಿಯೂ, ಕೆಳಗಿನ ಕಚೇರಿ ಮೇಲಿನ ಕಚೇರಿಗೆ ಗೊತ್ತಾದ ದಿನಕ್ಕೆ ಸಲ್ಲಿಸಬೇಕಾದ ಲೆಕ್ಕಪತ್ರಗಳಿಗೆ ರಿಟರ್ನ್ ಎಂಬ ಹೆಸರೇ ಇತ್ತು. ಇಂದಿಗೂ ನಾವು ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುತ್ತೇವೆ. ಕೇಳಿದವರಿಗೆ ಉತ್ತರ ತಲುಪಬೇಕು ಎಂಬ ಆಡಳಿತದ ನಿಯಮವೇ ಯಂತ್ರದ ಭಾಷೆಯಲ್ಲಿಯೂ ಇದೆ.

ಯಂತ್ರದೊಳಗೆ ಹೋಗಿ ಬರುವ ಈ ಪದ್ಧತಿಯ ಮೂಲ ಇಂಗ್ಲೆಂಡಿನಲ್ಲಿದೆ. 1949ರ ಮೇ ತಿಂಗಳಲ್ಲಿ ಕೇಂಬ್ರಿಡ್ಜ್‌ನಲ್ಲಿ ಎಡ್‌ಸ್ಯಾಕ್ ಎಂಬ ಗಣಕ ಕೆಲಸ ಆರಂಭಿಸಿತು. ಅದರಲ್ಲಿ "ಎಲ್ಲಿಂದ ಬಂದೆಯೋ ಅಲ್ಲಿಗೆ ಹಿಂದಿರುಗು" ಎಂಬ ಆದೇಶವೇ ಇರಲಿಲ್ಲ. ಡೇವಿಡ್ ವೀಲರ್ ಎಂಬ ತರುಣ ಅದಕ್ಕೊಂದು ಉಪಾಯ ಕಂಡುಹಿಡಿದ. ಉಪಕ್ರಮವು ತನ್ನನ್ನು ಕರೆದ ಸ್ಥಳದ ಗುರುತನ್ನು ಮೊದಲೇ ಪಡೆದು, ತನ್ನ ಕೊನೆಯ ಆದೇಶದ ಜಾಗದಲ್ಲಿ ಹಿಂದಿರುಗುವ ದಾರಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತಿತ್ತು. ವಿಲ್ಕ್ಸ್, ವೀಲರ್ ಮತ್ತು ಗಿಲ್ ಅವರು 1951ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ವಿದ್ಯೆ ಜಗತ್ತಿಗೆ ಹರಡಿತು. ಅಂದಿನ ಚಿಂತೆ ಇಷ್ಟೇ: ಹೋದವನು ಮರಳಿ ಬರಬೇಕು. ಕೈಯಲ್ಲಿ ಏನು ತಂದ ಎಂದು ಪರಿಶೀಲಿಸುವ ಕಾವಲುಗಾರ ಇನ್ನೂ ಹುಟ್ಟಿರಲಿಲ್ಲ.

ಆ ಕಾವಲುಗಾರನೇ ಕಂಪೈಲರ್. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಮತ್ತೊಂದು ಪ್ರೋಗ್ರಾಂ ಅದು. ಜಾನ್ ಬ್ಯಾಕಸ್ ಅವರ ತಂಡ ಐಬಿಎಂ ಸಂಸ್ಥೆಯಲ್ಲಿ ರೂಪಿಸಿದ ಫೋರ್ಟ್ರಾನ್ ಕಂಪೈಲರ್ 1957ರಲ್ಲಿ ಬಳಕೆಗೆ ಬಂದಿತು. 1958ರ ಎರಡನೆಯ ಆವೃತ್ತಿಯಲ್ಲಿ ಫಂಕ್ಷನ್, ಸಬ್‌ರೂಟೀನ್, ರಿಟರ್ನ್ ಎಂಬ ಪದಗಳು ಸೇರಿಕೊಂಡವು. ಉತ್ತರ ತರುವುದು ಫಂಕ್ಷನ್, ಕೆಲಸ ಮಾತ್ರ ಮಾಡುವುದು ಸಬ್‌ರೂಟೀನ್ ಎಂಬ ಸ್ಪಷ್ಟ ವಿಭಾಗ ಅಲ್ಲಿತ್ತು. ಅಲ್ಲಿ ರಿಟರ್ನ್ ಎಂದರೆ ಹಿಂದಿರುಗು ಎಂದಷ್ಟೇ ಅರ್ಥ. ಉತ್ತರವನ್ನು ಫಂಕ್ಷನ್ನಿನ ಹೆಸರಿಗೇ ತುಂಬಿಸಿಡಬೇಕಾಗಿತ್ತು. ತುಂಬಿಸದಿದ್ದರೆ ಸಿಗುವ ಉತ್ತರಕ್ಕೆ ಯಾರೂ ಹೊಣೆಯಲ್ಲ. ನಮ್ಮ ದೇಶದ ಒಂದು ತಲೆಮಾರು ಪ್ರೋಗ್ರಾಮಿಂಗ್ ಕಲಿತದ್ದು ಈ ಭಾಷೆಯಲ್ಲಿಯೇ. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಯಂತ್ರ ಬಂದ ಮೇಲೆ ಅಲ್ಲಿ ಕಲಿಸಿದ ಪ್ರೊ. ವಿ. ರಾಜಾರಾಮನ್ ಅವರು ಬರೆದ ಫೋರ್ಟ್ರಾನ್ ಪುಸ್ತಕಗಳು ಭಾರತದ ಕಾಲೇಜುಗಳಲ್ಲೆಲ್ಲ ಓದಿಸಲ್ಪಟ್ಟವು. ಅವರು 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಕಥೆಯ ಮುಖ್ಯ ತಿರುವು ಇರುವುದು ಸಿ ಭಾಷೆಯಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ 1972ರ ಸುಮಾರಿಗೆ ಇದನ್ನು ರೂಪಿಸಿದರು. ಇದರ ಹಿಂದಿನ ಬಿ ಎಂಬ ಭಾಷೆಯಲ್ಲಿ ದತ್ತಾಂಶಗಳಿಗೆ ಜಾತಿಭೇದವೇ ಇರಲಿಲ್ಲ. ಅದರ ಪ್ರಭಾವದಿಂದ ಸಿ ಭಾಷೆಯಲ್ಲಿಯೂ, ಫಂಕ್ಷನ್ ಏನನ್ನು ತರುತ್ತದೆಂದು ಹೇಳದಿದ್ದರೆ ಅದು ಪೂರ್ಣಾಂಕವನ್ನು ತರುತ್ತದೆಂದೇ ಭಾವಿಸಲಾಗುತ್ತಿತ್ತು. 1978ರಲ್ಲಿ ಕರ್ನಿಹ್ಯಾನ್ ಮತ್ತು ರಿಚಿ ಅವರ ಪ್ರಸಿದ್ಧ ಪುಸ್ತಕ ಪ್ರಕಟವಾದಾಗ ವಾಯ್ಡ್ ಎಂಬ ಪದ ಅದರಲ್ಲಿ ಇರಲಿಲ್ಲ. ಏನನ್ನೂ ತರಬೇಕಿಲ್ಲದ ಫಂಕ್ಷನ್ ಕೂಡ ಲೆಕ್ಕಕ್ಕೆ ಪೂರ್ಣಾಂಕ ತರುವಂಥದ್ದೇ ಆಗಿತ್ತು. ಹೀಗಿರುವಾಗ ಕಂಪೈಲರ್ ದೂರು ಹೇಳುವುದಾದರೂ ಹೇಗೆ? ಬರಿಗೈಯಲ್ಲಿ ಬಂದವನು ಮರೆತು ಬಂದನೋ, ಅವನಿಗೆ ತರಲು ಹೇಳಿಯೇ ಇರಲಿಲ್ಲವೋ ಎಂದು ತಿಳಿಯುವ ಮಾರ್ಗವೇ ಅದಕ್ಕಿರಲಿಲ್ಲ. 1989ರ ಅಮೆರಿಕದ ಮಾನಕ ವಾಯ್ಡ್ ಪದವನ್ನು ಭಾಷೆಯ ಅಂಗವಾಗಿ ಒಪ್ಪಿಕೊಂಡಿತು. ಏನೂ ಇಲ್ಲ ಎಂಬುದಕ್ಕೆ ಒಂದು ಹೆಸರು ಸಿಕ್ಕಿದ ಮೇಲೆಯೇ, ಇರಬೇಕಾದದ್ದು ಇಲ್ಲ ಎಂಬುದನ್ನು ಗುರುತಿಸಲು ಸಾಧ್ಯವಾದದ್ದು. ಸೊನ್ನೆಗೆ ಒಂದು ಚಿಹ್ನೆ ಕೊಟ್ಟ ನಾಡಿನವರಿಗೆ ಇದರ ಮಹತ್ವವನ್ನು ವಿವರಿಸಿ ಹೇಳಬೇಕಿಲ್ಲ.

ಸಿ ಭಾಷೆಯಲ್ಲಿ ರಿಟರ್ನ್ ಮರೆತರೆ ಏನಾಗುತ್ತದೆ? ಸಾಮಾನ್ಯವಾಗಿ ಫಂಕ್ಷನ್ನಿನ ಉತ್ತರ ಯಂತ್ರದ ಒಂದು ಗೊತ್ತಾದ ರಿಜಿಸ್ಟರ್‌ನಲ್ಲಿ ಬಂದು ಕುಳಿತಿರುತ್ತದೆ. ಕರೆದವನು ಆ ಡಬ್ಬಿಯನ್ನು ತೆರೆದು ಒಳಗಿದ್ದುದನ್ನು ತೆಗೆದುಕೊಳ್ಳುತ್ತಾನೆ. ಯಾರೂ ಏನನ್ನೂ ಇಡದಿದ್ದರೂ ಡಬ್ಬಿ ಖಾಲಿಯಾಗಿರುವುದಿಲ್ಲ. ಹಿಂದಿನ ಯಾವುದೋ ಲೆಕ್ಕದ ಉಳಿಕೆ ಅದರಲ್ಲಿರುತ್ತದೆ. ಕೆಲವೊಮ್ಮೆ ಆ ಉಳಿಕೆಯೇ ಕಾಕತಾಳೀಯವಾಗಿ ಸರಿಯಾದ ಉತ್ತರವೂ ಆಗಿರುವುದುಂಟು, ಏಕೆಂದರೆ ಕೊನೆಯದಾಗಿ ಮಾಡಿದ ಲೆಕ್ಕ ಅದೇ ಡಬ್ಬಿಯಲ್ಲಿ ನಡೆದಿರಬಹುದು. ಪ್ರಯೋಗಾಲಯದಲ್ಲಿ ಸರಿಯಾಗಿ ನಡೆದ ಪ್ರೋಗ್ರಾಂ ಬೇರೊಂದು ಕಂಪೈಲರ್ ಕೈಗೆ ಸಿಕ್ಕೊಡನೆ ಹುಚ್ಚು ಉತ್ತರ ಕೊಡುವುದು ಇದರಿಂದಲೇ. ತಪ್ಪಿನಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಒಮ್ಮೊಮ್ಮೆ ಸರಿಯಾಗಿ ಕಾಣುವ ತಪ್ಪು. ಇದನ್ನು ಅರಿತೇ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ಅವರು 1970ರ ದಶಕದಲ್ಲಿ ಲಿಂಟ್ ಎಂಬ ಪರಿಶೀಲಕ ಪ್ರೋಗ್ರಾಂ ಬರೆದರು. ಒಂದೇ ಫಂಕ್ಷನ್ ಒಂದು ದಾರಿಯಲ್ಲಿ ಉತ್ತರ ತಂದು ಇನ್ನೊಂದು ದಾರಿಯಲ್ಲಿ ಬರಿಗೈಯಲ್ಲಿ ಬಂದರೆ ಲಿಂಟ್ ಅದನ್ನು ಎತ್ತಿ ತೋರಿಸುತ್ತಿತ್ತು.

ಕರ್ನಾಟಕದ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಈ ಇತಿಹಾಸ ಒಂದು ವಿಚಿತ್ರ ರೂಪ ತಾಳಿತು. 1987ರಲ್ಲಿ ಬೋರ್ಲೆಂಡ್ ಸಂಸ್ಥೆಯ ಟರ್ಬೊ ಸಿ ಬಂದಿತು. ಅದರ ನೀಲಿ ಪರದೆಯನ್ನು ನೋಡದೆ ಪದವಿ ಪಡೆದ ಎಂಜಿನಿಯರುಗಳು ಆ ತಲೆಮಾರಿನಲ್ಲಿ ವಿರಳ. ಪ್ರೋಗ್ರಾಮಿನ ಮೊದಲ ಫಂಕ್ಷನ್ನಾದ ಮೇನ್ ಏನನ್ನೂ ತರದಿದ್ದರೆ "ಫಂಕ್ಷನ್ ಷುಡ್ ರಿಟರ್ನ್ ಎ ವ್ಯಾಲ್ಯೂ" ಎಂಬ ಎಚ್ಚರಿಕೆ ಅದರಲ್ಲಿ ಬರುತ್ತಿತ್ತು. ಅದನ್ನು ಹೋಗಲಾಡಿಸಲು ವಾಯ್ಡ್ ಮೇನ್ ಎಂದು ಬರೆಯುವ ರೂಢಿ ಬೆಳೆದು, ಲ್ಯಾಬ್ ಪುಸ್ತಕಗಳಿಂದ ಲ್ಯಾಬ್ ಪುಸ್ತಕಗಳಿಗೆ ನಕಲಾಗುತ್ತ ಬಂದಿತು. ಆದರೆ ಮಾನಕದ ಪ್ರಕಾರ ಮೇನ್ ಒಂದು ಪೂರ್ಣಾಂಕವನ್ನು ತರಬೇಕು. ಪ್ರೋಗ್ರಾಮನ್ನು ಓಡಿಸಿದ ಕಾರ್ಯಾಚರಣ ವ್ಯವಸ್ಥೆಗೆ ಅದು ಸಲ್ಲಿಸುವ ವರದಿ ಅದು. ಸೊನ್ನೆ ಎಂದರೆ ಕೆಲಸ ಸುಸೂತ್ರವಾಯಿತು. ಬೇರೆ ಅಂಕಿ ಸಾಮಾನ್ಯವಾಗಿ ಏನೋ ಕೆಟ್ಟಿತೆಂಬುದರ ಸೂಚನೆ. ವರದಿ ಕೇಳಿದಾಗ ಅದನ್ನು ಬರೆಯುವ ಬದಲು "ನಾನು ವರದಿ ಕೊಡುವವನೇ ಅಲ್ಲ" ಎಂದು ಫಲಕ ತೂಗುಹಾಕಿದಂತಾಯಿತು ಇದು. 1999ರ ಮಾನಕ ಕೊನೆಗೆ ಮೇನ್‌ಗೆ ಮಾತ್ರ ಒಂದು ವಿನಾಯಿತಿ ಕೊಟ್ಟಿತು: ರಿಟರ್ನ್ ಬರೆಯದೆ ಕೊನೆಗೆ ತಲುಪಿದರೆ ಸೊನ್ನೆ ತಂದಂತೆಯೇ ಎಣಿಸಲಾಗುತ್ತದೆ.

1972ರಿಂದ ಅಲನ್ ಕೇ ಮತ್ತು ಸಂಗಡಿಗರು ಬೆಳೆಸಿದ ಸ್ಮಾಲ್‌ಟಾಕ್ ಭಾಷೆ ಮೆಥಡ್ ಎಂಬ ಪದವನ್ನು ರೂಢಿಗೆ ತಂದಿತು. ಅಲ್ಲಿ ಮೆಥಡ್ ಏನನ್ನೂ ತರುವಂತೆ ಬರೆಯದಿದ್ದರೆ, ಕೆಲಸ ಮಾಡಿದ ವಸ್ತು ತನ್ನನ್ನೇ ಉತ್ತರವಾಗಿ ಒಪ್ಪಿಸುತ್ತದೆ. ನಮ್ಮ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಿದ ಭಾಷೆ ಇನ್ನೊಂದು ಇರಲಾರದು! 1991ರಲ್ಲಿ ಹೊರಬಂದ ಪೈಥಾನ್, ನನ್ ಎಂಬ ವಿಶೇಷ ಬೆಲೆಯನ್ನು ತಾನಾಗಿಯೇ ಕೊಟ್ಟು ಸುಮ್ಮನಾಗುತ್ತದೆ.

1995ರಲ್ಲಿ ಸನ್ ಸಂಸ್ಥೆ ಪ್ರಕಟಿಸಿದ, ಜೇಮ್ಸ್ ಗಾಸ್ಲಿಂಗ್ ರೂಪಿಸಿದ ಜಾವಾ ಭಾಷೆ ಬೇರೆಯೇ ನಿಲುವು ತಾಳಿತು. ವಾಯ್ಡ್ ಅಲ್ಲದ ಮೆಥಡ್‌ನ ಯಾವುದೇ ದಾರಿ ಬರಿಗೈಯಲ್ಲಿ ಕೊನೆ ಮುಟ್ಟುವ ಸಾಧ್ಯತೆ ಕಂಡರೆ ಅದು ಎಚ್ಚರಿಕೆಯಲ್ಲ, ದೋಷ. ತಿದ್ದುವವರೆಗೆ ಪ್ರೋಗ್ರಾಂ ಓಡುವಂತೆಯೇ ಇಲ್ಲ. ಅನಂತರ ಬಂದ ಸಿ ಶಾರ್ಪ್ ಭಾಷೆಯೂ ಇದೇ ದಾರಿ ಹಿಡಿಯಿತು. ಸಿ ಪ್ಲಸ್ ಪ್ಲಸ್ ಇಂದಿಗೂ ಈ ಲೋಪವನ್ನು ಕಡ್ಡಾಯ ದೋಷವೆಂದು ಎಣಿಸದಿದ್ದರೂ, 2018ರ ಜಿಸಿಸಿ 8 ಕಂಪೈಲರ್‌ನಿಂದೀಚೆಗೆ ಈ ಎಚ್ಚರಿಕೆ ಕೇಳದೆಯೇ ಬರುತ್ತದೆ.

ಇದನ್ನು ನಮ್ಮ ನೆಲದ ಉದಾಹರಣೆಯಿಂದ ನೋಡೋಣ. ಭಾರತೀಯ ಹವಾಮಾನ ಇಲಾಖೆ 24 ಗಂಟೆಗಳ ಮಳೆಯನ್ನು ವರ್ಗೀಕರಿಸುವಾಗ 64.5 ಮಿಲಿಮೀಟರಿನಿಂದ ಮೇಲಕ್ಕೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಮೇಲಕ್ಕೆ ಅತ್ಯಂತ ಭಾರಿ ಎನ್ನುತ್ತದೆ. ಮಳೆಯ ಅಳತೆಯನ್ನು ಕೊಟ್ಟರೆ ವರ್ಗದ ಹೆಸರನ್ನು ತರುವ ಒಂದು ಮೆಥಡನ್ನು ವಿದ್ಯಾರ್ಥಿ ಬರೆಯುತ್ತಾನೆನ್ನಿ. 204.5ಕ್ಕೆ ಕಡಿಮೆಯಿಲ್ಲದಿದ್ದರೆ ಒಂದು ಉತ್ತರ, 115.6ಕ್ಕೆ ಕಡಿಮೆಯಿಲ್ಲದಿದ್ದರೆ ಇನ್ನೊಂದು, 64.5ಕ್ಕೆ ಕಡಿಮೆಯಿಲ್ಲದಿದ್ದರೆ ಮತ್ತೊಂದು. ಅಲ್ಲಿಗೆ ಅವನ ಗಮನ ಮುಗಿಯಿತು. 10 ಮಿಲಿಮೀಟರ್ ಮಳೆ ಬಿದ್ದ ದಿನ ಏನು ಹೇಳಬೇಕೆಂದು ಅವನು ಬರೆದೇ ಇಲ್ಲ. ಕಂಪೈಲರ್ ಹಿಡಿದದ್ದು ಅದನ್ನೇ.

ಆಗ ಜಾಣ ವಿದ್ಯಾರ್ಥಿ ಇನ್ನೊಂದು ಸಾಲು ಸೇರಿಸುತ್ತಾನೆ: ಮಳೆ 64.5ಕ್ಕಿಂತ ಕಡಿಮೆಯಾಗಿದ್ದರೆ ಸಾಧಾರಣ. ಈಗ ಎಲ್ಲ ಸಂದರ್ಭಗಳೂ ಮುಗಿದವಲ್ಲ! ಆದರೂ ಕಂಪೈಲರ್ ಒಪ್ಪುವುದಿಲ್ಲ. ಅದು ಷರತ್ತುಗಳ ಅರ್ಥವನ್ನು ತೂಗಿ ನೋಡುವುದಿಲ್ಲ. "ಹೀಗಿದ್ದರೆ" ಎಂದಿದ್ದಲ್ಲಿ "ಹೀಗಿಲ್ಲದಿದ್ದರೆ" ಎಂಬ ದಾರಿಯೂ ತೆರೆದಿದೆ ಎಂದೇ ಎಣಿಸುತ್ತದೆ. ಇದು ಬರೆದವರ ಸೋಮಾರಿತನವಲ್ಲ. ಯಾವುದೇ ಪ್ರೋಗ್ರಾಂ ಯಾವ ದಾರಿಯಲ್ಲಿ ಸಾಗಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ಮೊದಲೇ ಹೇಳಬಲ್ಲ ಸಾಮಾನ್ಯ ವಿಧಾನ ಇರಲು ಸಾಧ್ಯವಿಲ್ಲವೆಂಬುದು ಅಲನ್ ಟ್ಯೂರಿಂಗ್ ಅವರ 1936ರ ಪ್ರಬಂಧದಿಂದ ಹೊರಡುವ ತೀರ್ಮಾನ. ಆದ್ದರಿಂದ ಜಾವಾದ ನಿಯಮ ಸರಳವೂ ನಿಷ್ಠುರವೂ ಆಗಿರಬೇಕಾಯಿತು. ಇನ್ನೊಂದು ಸೂಕ್ಷ್ಮವೂ ಇದೆ. ದಶಮಾಂಶ ಸಂಖ್ಯೆಗಳಿಗಾಗಿ 1985ರಲ್ಲಿ ಬಂದ ಐಇಇಇ 754 ಮಾನಕದಲ್ಲಿ "ಸಂಖ್ಯೆಯಲ್ಲ" ಎಂಬ ಒಂದು ವಿಶೇಷ ಬೆಲೆ ಇದೆ. ಅದು 64.5ಕ್ಕಿಂತ ಹೆಚ್ಚೂ ಅಲ್ಲ, ಸಮವೂ ಅಲ್ಲ, ಕಡಿಮೆಯೂ ಅಲ್ಲ. ಮಳೆಮಾಪಕ ಕೆಟ್ಟು ಅಂಥ ಬೆಲೆ ಬಂದರೆ ನಮ್ಮ ಜಾಣನ ನಾಲ್ಕು ಬಾಗಿಲುಗಳೂ ಮುಚ್ಚಿಯೇ ಇರುತ್ತವೆ. ಕಂಪೈಲರಿನ ಹಟಕ್ಕೆ ಕಾರಣವಿತ್ತು!

ವಿದ್ಯಾರ್ಥಿಗಳು ಎಡವುವ ಬೇರೆ ಸ್ಥಳಗಳೂ ಕೆಲವೇ. ಪಟ್ಟಿಯೊಂದರಲ್ಲಿ ಹೆಸರನ್ನು ಹುಡುಕುವ ಆವರ್ತನೆಯೊಳಗೆ ಮಾತ್ರ ರಿಟರ್ನ್ ಬರೆದು, ಹೆಸರು ಸಿಗದೇ ಹೋದರೆ ಏನೆಂದು ಬರೆಯದಿರುವುದು ಒಂದು. ಎಡವಟ್ಟು ಸಂಭವಿಸಿದಾಗ ಅದನ್ನು ಹಿಡಿಯುವ ಕ್ಯಾಚ್ ಭಾಗದಲ್ಲಿ ಸಂದೇಶ ಮುದ್ರಿಸಿ ಸುಮ್ಮನಾಗುವುದು ಇನ್ನೊಂದು. ಉತ್ತರವನ್ನು ಪರದೆಯ ಮೇಲೆ ಮುದ್ರಿಸಿದರೆ ಅದನ್ನು ತಂದುಕೊಟ್ಟಂತೆಯೇ ಎಂಬ ಭಾವನೆ ಮೂರನೆಯದು. ತರಗತಿಯಲ್ಲಿ ಉತ್ತರವನ್ನು ಕೂಗಿ ಹೇಳಿ ಉತ್ತರ ಪತ್ರಿಕೆಯನ್ನು ಖಾಲಿ ಬಿಟ್ಟ ಹುಡುಗನಂತೆ. ಮೆಥಡ್ ತನ್ನನ್ನೇ ಮತ್ತೆ ಕರೆದು, ಅದು ತಂದದ್ದನ್ನು ಮುಂದಕ್ಕೆ ದಾಟಿಸಲು ಮರೆಯುವುದು ನಾಲ್ಕನೆಯದು. ಇನ್ನು ಕೆಲವೊಮ್ಮೆ ಆ ಮೆಥಡ್ ಏನನ್ನೂ ತರಬೇಕಾದದ್ದೇ ಇರುವುದಿಲ್ಲ. ಅಲ್ಲಿ ತಲೆಬರಹವನ್ನು ವಾಯ್ಡ್ ಎಂದು ತಿದ್ದುವುದೇ ಸರಿಯಾದ ಪರಿಹಾರ.

ಈ ದೋಷವನ್ನು ಒಂದೇ ನಿಮಿಷದಲ್ಲಿ ಹೋಗಲಾಡಿಸುವ ಒಂದು ಉಪಾಯ ವಿದ್ಯಾರ್ಥಿಗಳಲ್ಲಿ ಬಾಯಿಂದ ಬಾಯಿಗೆ ಹರಡಿದೆ. ಮೆಥಡ್‌ನ ಕೊನೆಯಲ್ಲಿ "ಸೊನ್ನೆಯನ್ನು ರಿಟರ್ನ್ ಮಾಡು" ಎಂದೋ ಪದವಾದರೆ "ನಲ್ ರಿಟರ್ನ್ ಮಾಡು" ಎಂದೋ ಒಂದು ಸಾಲು ಬರೆದರಾಯಿತು. ಕಂಪೈಲರ್ ತೃಪ್ತವಾಗುತ್ತದೆ, ಪ್ರೋಗ್ರಾಂ ಓಡುತ್ತದೆ. ಈ ಉಪಾಯದ ಕೆಡುಕನ್ನು ತಿಳಿಯಲು ಕೊಡಗಿನವರು ದೂರ ಹೋಗಬೇಕಿಲ್ಲ. ನಮ್ಮ ಕಾಫಿ ತೋಟಗಳಲ್ಲಿ ಮಳೆಮಾಪಕವಿಟ್ಟು, ಇಂಚು ಸೆಂಟುಗಳ ಲೆಕ್ಕದಲ್ಲಿ ಪ್ರತಿದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವ ರೂಢಿ ಹಳೆಯದು. ಮಳೆ ಬಾರದ ದಿನ ಸೊನ್ನೆ ಬರೆಯುತ್ತಾರೆ. ಅಳತೆ ನೋಡಲಾಗದ ದಿನ ಏನು ಬರೆಯಬೇಕು? ಜಾಗವನ್ನು ಖಾಲಿ ಬಿಟ್ಟು ಪಕ್ಕದಲ್ಲಿ ಕಾರಣ ಬರೆಯಬೇಕು. ಅಲ್ಲಿ ಸೊನ್ನೆ ಬರೆದರೆ ಪುಟ ಅಂದವಾಗಿ ಕಾಣುತ್ತದೆ, ಮೊತ್ತವೂ ಸಲೀಸಾಗಿ ಬರುತ್ತದೆ. ಆದರೆ ಆ ಮೊತ್ತ ಸುಳ್ಳು. ಮಾರ್ಚ್ ತಿಂಗಳ ಹೂಮಳೆ ಬಂದಿತೋ ಇಲ್ಲವೋ ಎಂಬುದರ ಮೇಲೆ ಮುಂದಿನ ಫಸಲಿನ ನೀರಾವರಿಯನ್ನು ನಿರ್ಧರಿಸುವ ಬೆಳೆಗಾರನಿಗೆ "ಮಳೆ ಬರಲಿಲ್ಲ" ಮತ್ತು "ಮಳೆಯ ಲೆಕ್ಕ ಗೊತ್ತಿಲ್ಲ" ಎಂಬ ಎರಡರ ನಡುವಿನ ಅಂತರ ಚೆನ್ನಾಗಿ ತಿಳಿದಿರುತ್ತದೆ.

ಈಗ ಆ ಪುಸ್ತಕದ ಕೆಲಸವನ್ನು ಯಂತ್ರಗಳೂ ಮಾಡುತ್ತಿವೆ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ, ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರಾದ ಸಂಸ್ಥೆ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದುದನ್ನು ಕಂಡ ನಮಗೆ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜಾರಿದುದನ್ನು ಕೇಳಿದ ನಮಗೆ, ಮಳೆಯ ಅಂಕಿ ಎಂದರೆ ಬರಿಯ ಅಂಕಿಯಲ್ಲ. ಅಂಥ ಅಂಕಿಗಳನ್ನು ಓದುವ ಯಾವುದೋ ಪ್ರೋಗ್ರಾಮಿನ ಯಾವುದೋ ಮೂಲೆಯಲ್ಲಿ, ಹಿಂದೊಮ್ಮೆ ಕಂಪೈಲರಿನ ಬಾಯಿ ಮುಚ್ಚಿಸಲೆಂದು ಬರೆದ ಸೊನ್ನೆಯೊಂದು ಕುಳಿತಿದ್ದರೆ, ಕೆಟ್ಟುಹೋದ ಮಾಪಕವೂ "ಮಳೆಯಿಲ್ಲ" ಎಂದೇ ವರದಿ ಮಾಡೀತು. ನಾಳೆ ಇಂಥ ಪ್ರೋಗ್ರಾಂ ಬರೆಯುವವರು ಇಂದು ಲ್ಯಾಬಿನಲ್ಲಿ ಕುಳಿತಿರುವ ನಮ್ಮ ಮಕ್ಕಳೇ.

ಸರಿಯಾದ ಪರಿಹಾರಗಳೂ ಇತಿಹಾಸದಲ್ಲಿಯೇ ಇವೆ. ನಲ್ ಎಂಬ ಶೂನ್ಯ ಸೂಚಿಯನ್ನು 1965ರಲ್ಲಿ ಸೃಷ್ಟಿಸಿದ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಬಣ್ಣಿಸಿದರು. 2014ರಲ್ಲಿ ಬಂದ ಜಾವಾ 8ರಲ್ಲಿ ಆಪ್ಷನಲ್ ಎಂಬ ಸೌಲಭ್ಯ ಸೇರಿತು. ಉತ್ತರ ಇರಬಹುದು, ಇಲ್ಲದಿರಬಹುದು ಎಂಬುದನ್ನು ತಲೆಬರಹದಲ್ಲಿಯೇ ಸಾರುವ ರೀತಿ ಅದು. ಬರಲೇಬಾರದಾದ ಸಂದರ್ಭ ಬಂದರೆ ಎಕ್ಸೆಪ್ಷನ್ ಎಸೆಯುವುದು ಇನ್ನೊಂದು ದಾರಿ. ಎಸೆದವನು ಬರಿಗೈಯಲ್ಲಿ ಮರಳುವುದಿಲ್ಲ, ತೊಂದರೆಯಾಗಿದೆ ಎಂದು ಕೂಗಿ ಹೇಳುತ್ತಾನೆ. ಕಂಪೈಲರ್ ಇದನ್ನು ಒಪ್ಪುತ್ತದೆ. ನಮ್ಮ ಮಳೆಯ ಮೆಥಡ್‌ನಲ್ಲಿ ಅಳತೆ ಸಂಖ್ಯೆಯಲ್ಲದಿದ್ದರೆ ಮೊದಲೇ ಎಕ್ಸೆಪ್ಷನ್ ಎಸೆದು, ಕೊನೆಯಲ್ಲಿ ಷರತ್ತಿಲ್ಲದೆ "ಸಾಧಾರಣ" ಎಂದು ರಿಟರ್ನ್ ಮಾಡಿದರೆ ಅದು ಪೂರ್ಣವಾಯಿತು.

ಪರೀಕ್ಷೆಯಲ್ಲಿ ಉತ್ತರ ತಿಳಿಯದಿದ್ದರೆ ಜಾಗ ಖಾಲಿ ಬಿಡಿ, ಬಾಯಿಗೆ ಬಂದುದನ್ನು ಬರೆಯಬೇಡಿ ಎಂದು ನಾವು ಶಿಕ್ಷಕರು ಹೇಳಿದಾಗ ಮಕ್ಕಳು ನಂಬುತ್ತಿದ್ದುದು ಕಡಿಮೆ. ಏನಾದರೂ ಬರೆದರೆ ಅರ್ಧ ಅಂಕವಾದರೂ ಸಿಕ್ಕೀತೆಂಬ ಆಸೆ ಅವರದು. ಯಂತ್ರಕ್ಕೆ ಆ ಅರ್ಧ ಅಂಕದ ದಾಕ್ಷಿಣ್ಯವಿಲ್ಲ. ಆದ್ದರಿಂದ ಈ ದೋಷ ಸೂಚನೆ ಎದುರಾದಾಗ ಬೇಸರಪಡದೆ, ಒಂದು ಕಾಗದ ತೆಗೆದುಕೊಂಡು, ಮೆಥಡ್‌ನ ಬಾಗಿಲಿನಿಂದ ಹೊರಡುವ ಪ್ರತಿಯೊಂದು ದಾರಿಯನ್ನೂ ಬೆರಳಿಟ್ಟು ಗುರುತಿಸಿ ನೋಡಿ ಎಂದು ನನ್ನ ಕಿರಿಯ ಓದುಗರಿಗೆ ಹೇಳಬಯಸುತ್ತೇನೆ. ಎಲ್ಲಿ ಬೆರಳು ನಿಲ್ಲುತ್ತದೆಯೋ ಅಲ್ಲಿ ನೀವು ಇನ್ನೂ ಯೋಚಿಸಿರದ ಒಂದು ಸಂದರ್ಭ ಇರುತ್ತದೆ. ಅದಕ್ಕೆ ಏನು ಉತ್ತರ ಕೊಡಬೇಕೆಂಬುದನ್ನು ಕಂಪೈಲರ್ ಹೇಳಲಾರದು. ಅದು ಮಳೆಯನ್ನೋ ಬೆಳೆಯನ್ನೋ ಜನರನ್ನೋ ಬಲ್ಲ ನೀವೇ ನಿರ್ಧರಿಸಬೇಕಾದ ಮಾತು.